ಗಾಳಿ ಹೊಡೆತದ ಒಣ ನೆಲಕ್ಕೆ ಯಾವ ಮರ?

ಪ್ರಶ್ನೆ: ನಮ್ಮ ಮನೆಯ ಸುತ್ತ 10 ಗುಂಟೆ ಕೆಂಪು ಗರಸು ಮಣ್ಣಿನ ಜಾಗವಿದೆ. ಆಷಾಢದ ಗಾಳಿಗೆ ಗುಲ್‌ಮೊಹರ್ ಬುಡಮೇಲಾಯಿತು, ನುಗ್ಗೆ ಮುರಿದುಬಿತ್ತು. ಬೇಸಿಗೆಯಲ್ಲಿ ನೀರಿಗೂ ಕಷ್ಟ. ಯಾವ ಮರಗಳನ್ನು ನೆಡಬಹುದು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಗುಲ್‌ಮೊಹರ್‌ನ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ನುಗ್ಗೆಯ ಕಾಂಡ ಬಹಳ ಮೆದು, ಆದ್ದರಿಂದ ಬೆಟ್ಟದ ಮೇಲೆಲ್ಲ ಗಾಳಿಯಂತ್ರಗಳು ತಿರುಗುವ ನಿಮ್ಮ ಊರಿನಲ್ಲಿ ಅವೆರಡನ್ನೂ ಬಯಲಿಗೆ ಒಡ್ಡಿ ನೆಡುವುದು ಸರಿಯಲ್ಲ.

ಮೊದಲು ಗಾಳಿತಡೆಯನ್ನು ಎಬ್ಬಿಸಿರಿ. ಮುಂಗಾರಿನ ಗಾಳಿ ಬೀಸುವ ಪಶ್ಚಿಮ ಮತ್ತು ನೈಋತ್ಯದ ಅಂಚಿನಲ್ಲಿ ಬೇವು, ಹೊಂಗೆಗಳನ್ನು ಎರಡು ಸಾಲಾಗಿ, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಸಂದಿಗೆ ಬರುವಂತೆ ನೆಟ್ಟು, ಅವುಗಳ ಹೊರಗೆ ಮೇಕೆಗಳು ಸಾಮಾನ್ಯವಾಗಿ ಮುಟ್ಟದ ಬಂದರಿಕೆ ಮತ್ತು ಸೀತಾಫಲವನ್ನು ಒತ್ತಾಗಿ ಬೆಳೆಸಿರಿ. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಒಳಗಡೆ ಸುಳಿಯಾಗಿ ಇಳಿಯುತ್ತದೆ. ಎಲೆಗಳ ನಡುವೆ ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಮರಸಾಲು ಮಾತ್ರ ಅದರ ವೇಗವನ್ನು ನಿಜವಾಗಿ ತಗ್ಗಿಸುತ್ತದೆ, ಮತ್ತು ತನ್ನ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಆಸರೆ ಕೊಡುತ್ತದೆ. ಸಾಲು 20 ಅಡಿ ಬೆಳೆದರೆ ನಿಮ್ಮ ಇಡೀ ಜಾಗಕ್ಕೆ ಅದು ಸಾಕು.

ಆ ಮರೆಯಲ್ಲಿ ನೆಲ್ಲಿ, ಎಲಚಿ ಚೆನ್ನಾಗಿ ಬರುತ್ತವೆ. ಕಾಯಿ ತುಂಬಿದ ನೆಲ್ಲಿಯ ಕೊಂಬೆ ಸುಲಭವಾಗಿ ಸೀಳುವುದರಿಂದ ಅದನ್ನು ಮರೆಯಲ್ಲೇ ನೆಡಬೇಕು. ಹುಣಸೆ ಗಾಳಿಗೆ ಬಗ್ಗುವ ಮರವಲ್ಲ, ಆದರೆ ಅದಕ್ಕೆ ಸುತ್ತಲೂ ವಿಶಾಲ ಜಾಗ ಬೇಕು. ನನ್ನ ಆಯ್ಕೆಯನ್ನು ಕೇಳಿದರೆ, ನಿಮ್ಮ ಭಾಗದ ಒಣ ಕಾಡಿನದೇ ಆದ ಕಮರವನ್ನು ಒಂದೆರಡಾದರೂ ನೆಡಿ ಎನ್ನುತ್ತೇನೆ. ಮೊದಲ ಕೆಲವು ವರ್ಷ ಅದು ಬೆಳೆದಂತೆಯೇ ಕಾಣುವುದಿಲ್ಲ. ಆ ಹೊತ್ತಿನಲ್ಲಿ ತಾಯಿಬೇರು ಆಳಕ್ಕೆ ಇಳಿಯುತ್ತಿರುತ್ತದೆ, ಆದ್ದರಿಂದ ಬೇಸತ್ತು ಕೀಳಬೇಡಿ.

ಆಳೆತ್ತರದ ಸಸಿಯನ್ನು ಆರಿಸಬೇಡಿ. ಸಣ್ಣ ಚೀಲದಲ್ಲಿ ಬಹುಕಾಲ ಇದ್ದ ಸಸಿಯ ಬೇರು ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿರುತ್ತದೆ, ಮತ್ತು ಅಂಥ ಮರ ದೊಡ್ಡದಾದ ಮೇಲೂ ನೆಲವನ್ನು ಹಿಡಿಯಲಾರದೆ ಬುಡಸಮೇತ ಉರುಳುತ್ತದೆ. ಒಂದೂವರೆ ಅಡಿಯ ಸಸಿಯನ್ನು ಕೊಂಡು, ಚೀಲ ಹರಿದಾಗ ಸುತ್ತಿದ ಬೇರು ಕಂಡರೆ ಅಷ್ಟನ್ನು ಕತ್ತರಿಸಿ ನೆಡಿ. ನಿಮ್ಮಲ್ಲಿ ಆಗಸ್ಟ್ ಕೊನೆಗೆ ಗಾಳಿ ತಗ್ಗಿ, ಸೆಪ್ಟೆಂಬರ್–ಅಕ್ಟೋಬರ್ ಮಳೆ ಮುಂದಿರುವಾಗ ನೆಡುವುದು ಒಳ್ಳೆಯದು. ಆಸರೆ ಕೋಲನ್ನು ಸಸಿಯ ಮೂರನೆಯ ಒಂದು ಭಾಗದ ಎತ್ತರಕ್ಕೆ ಮಾತ್ರ, ಸಡಿಲವಾಗಿ ಕಟ್ಟಿ. ಸ್ವಲ್ಪ ಅಲುಗಾಡಿದರೇ ಕಾಂಡ ದಪ್ಪವಾಗುವುದು. ಬುಡಕ್ಕೆ ಒಣಎಲೆ ಹೊದಿಸಿ, ಮೊದಲ ಎರಡು ಬೇಸಿಗೆ ದಿನವೂ ಚಿಮುಕಿಸುವ ಬದಲು ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಕೊಡಿ.