ಮುಂಬೈಯಲ್ಲಿ ಅಯ್ಯನವರ ಮನೆ: ಹುಬ್ಬಳ್ಳಿಯ ತಂಗಿಗೆ ಉತ್ತರ

ಪ್ರೀತಿಯ ತಂಗಿ,

ಕ್ರೈಸ್ತ ಸಭಾಪಾಲಕರಾದ ನಿನ್ನ ಯಜಮಾನರಿಗೆ, ಅಂದರೆ ನಿಮ್ಮ ಸಭೆಯ ಅಯ್ಯನವರಿಗೆ, ಹುಬ್ಬಳ್ಳಿಯಿಂದ ಮುಂಬೈಯ ಕನ್ನಡ ಸಭೆಗೆ ವರ್ಗವಾಗಿದೆ ಎಂದು ಬರೆದಿದ್ದೀಯ. ನರ್ಸ್ ಕೆಲಸ ಬಿಡಬೇಕಾ, ಮಕ್ಕಳ ಕನ್ನಡದ ಗತಿ ಏನು, ಅಯ್ಯನವರ ಮನೆಯಲ್ಲಿ ನಮಗಂತ ಸ್ವಲ್ಪ ಹೊತ್ತಾದರೂ ಸಿಗುತ್ತಾ, ಇಷ್ಟು ನಿನ್ನ ಪ್ರಶ್ನೆ. ನಾನೂ ಅಯ್ಯನವರ ಹೆಂಡತಿಯೇ, ಧಾರವಾಡದವಳು. ಇಲ್ಲಿಗೆ ಬಂದಾಗ ಕಂಕುಳಲ್ಲಿದ್ದ ಮಗಳು ಈಗ ತಾನೇ ಕೆಲಸಕ್ಕೆ ಹೋಗುತ್ತಾಳೆ. ಕಂಡದ್ದನ್ನು ನೇರವಾಗಿ ಹೇಳುತ್ತೇನೆ.

ಕೆಲಸ ಬಿಡಬೇಡ. ಸಭಾಪಾಲಕರ ಸಂಬಳವೊಂದರಲ್ಲೇ ಮಕ್ಕಳ ಫೀಸು ಕಟ್ಟಿ ಈ ಊರಲ್ಲಿ ಸಂಸಾರ ತೂಗಿಸೋದು ಕಷ್ಟ. ಹೊರಡುವ ಮೊದಲೇ ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಪಡೆಯಲು ಅರ್ಜಿ ಹಾಕು. ಆಮೇಲೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ‘ಅಮ್ಮನವರು ಡ್ಯೂಟಿಗೆ ಹೋದರೆ ಸಭೆ ನೋಡೋರು ಯಾರು’ ಎಂದು ಊರಲ್ಲಿ ಯಾರಾದರೂ ಅಂದಿರಬಹುದು. ಇಲ್ಲಿ ಆ ಮಾತು ಕಡಿಮೆ. ನಮ್ಮ ಸಭೆಯ ಹೆಂಗಸರೇ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಲೋಕಲ್ ಹತ್ತುವವರು.

ಇನ್ನು ಮನೆ. ಹುಬ್ಬಳ್ಳಿಗೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಬಂದದ್ದು 1839ರಲ್ಲಿ. ಅಂಥ ಹಳೇ ಸಭೆಗಳಲ್ಲಿ ದೇವಾಲಯದ ಪಕ್ಕದಲ್ಲೇ ಅಯ್ಯನವರ ಮನೆ. ಹಾಲಿಗೆ ಹೊರಟವರೂ ಒಳಗೆ ಇಣುಕಿ ಹೋಗುತ್ತಾರೆ, ಅಲ್ವಾ? ಇಲ್ಲಿ ನಿಮಗೆ ಸಿಗೋದು ಯಾವುದೋ ಸೊಸೈಟಿಯಲ್ಲಿ ಒಂದು ಫ್ಲಾಟ್. ಸಭೆಯವರಲ್ಲಿ ಒಬ್ಬರು ವಿರಾರ್, ಇನ್ನೊಬ್ಬರು ಕಲ್ಯಾಣ್, ಮತ್ತೊಬ್ಬರು ಪನ್ವೇಲ್. ಸುಮ್ನೆ ಯಾರೂ ಬರೋದಿಲ್ಲ. ಆದರೆ ಬಂದವರು ಬೇಗ ಹೋಗೋದೂ ಇಲ್ಲ. ಎರಡು ಗಾಡಿ ಬದಲಾಯಿಸಿ ಬಂದವರಿಗೆ ಬರೀ ಚಹಾ ಕೊಟ್ಟು ಕಳಿಸೋಕಾಗುತ್ತಾ?

ಅದಕ್ಕಿಂತ ಜಾಸ್ತಿ ಬರೋದು ಊರಿನವರು. ಪರೇಲ್‌ನಲ್ಲಿ ಟಾಟಾ ಆಸ್ಪತ್ರೆ ಇದೆಯಲ್ಲ, ಕ್ಯಾನ್ಸರ್ ಎಂದ ಕೂಡಲೇ ಗದಗ, ಹಾವೇರಿ ಕಡೆಯಿಂದಲೂ ಅಲ್ಲಿಗೆ ಬರುತ್ತಾರೆ. ಬರುವಾಗ ಅವರ ಊರಿನ ಅಯ್ಯನವರಿಂದ ಒಂದು ಚೀಟಿ ತಂದಿರುತ್ತಾರೆ. ಬೆಳ್ಳಂಬೆಳಗ್ಗೆ ದಾದರ್‌ನಲ್ಲಿ ಇಳಿದು ಫೋನ್ ಮಾಡುತ್ತಾರೆ. ಹಿಂದಿ ಬರೋದಿಲ್ಲ, ಕೈಯಲ್ಲಿ ಸ್ಕ್ಯಾನ್ ಕವರು, ಜೊತೆಗೆ ರೊಟ್ಟಿ ಗಂಟು. ಇದು ನಿನ್ನ ಮನೆಯ ಮಾಮೂಲಿ ಕೆಲಸ ಆಗುತ್ತೆ, ಈಗಲೇ ತಿಳಿದಿರಲಿ.

ಕೀಮೋ ಆದವರಿಗೆ ಒಗ್ಗರಣೆಯ ವಾಸನೆಯೇ ಆಗೋದಿಲ್ಲ. ಅವರು ಮನೆಯಲ್ಲಿರುವಷ್ಟು ದಿನ ನಮ್ಮಲ್ಲಿ ಗಂಜಿ, ಮೆತ್ತಗಿನ ಅನ್ನ, ಬೇಳೆ ಕಟ್ಟು. ಮಕ್ಕಳು ಮುಖ ಊದಿಸಿಕೊಂಡೇ ಉಣ್ಣುತ್ತಿದ್ದವು. ಮಗುವಿಗೆ ನೆಗಡಿ ಇದ್ದರೆ ಅಂಥವರನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬಾರದು. ನರ್ಸ್ ನೀನು, ನಿನಗೆ ಹೇಳಬೇಕಾಗಿಲ್ಲ. ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಕೇಳಬಹುದು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತೆ. ಒಂದು ಹಾಲ್, ಒಂದು ರೂಮಿನಲ್ಲಿ ತಿಂಗಳುಗಟ್ಟಲೆ ಯಾರನ್ನೂ ಇಟ್ಟುಕೊಳ್ಳೋಕೆ ಆಗೋದಿಲ್ಲ. ಎಷ್ಟು ದಿನ ಎಂದು ಮೊದಲ ದಿನವೇ ಹೇಳಿಬಿಡು. ದಾದರ್‌ನಲ್ಲಿ ಗಾಡ್ಗೆ ಮಹಾರಾಜರ ಧರ್ಮಶಾಲೆ ಇದೆ, ಅಲ್ಲಿ ಕ್ಯಾನ್ಸರ್ ರೋಗಿಗಳಿಗೆ, ಜೊತೆಗಿದ್ದವರಿಗೆ ಇರಲು ಜಾಗ ಕೊಡುತ್ತಾರೆ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಮನೆಯಲ್ಲಿ ಹಾಸಿಗೆ ಕೊಡುವುದಕ್ಕಿಂತ, ಮೊದಲ ಸಲ ಫೈಲ್ ಮಾಡಿಸುವಾಗ ಪಕ್ಕದಲ್ಲಿ ನಿಂತು ನಾಲ್ಕು ಮಾತು ಆಡಿಕೊಡುವುದೇ ಅವರಿಗೆ ದೊಡ್ಡ ಉಪಕಾರ ಎಂಬುದು ನನ್ನ ಅನಿಸಿಕೆ.

ಕಷ್ಟ ಹೇಳಿಕೊಳ್ಳೋಕೆ ಬಂದವರನ್ನು ಎಲ್ಲಿ ಕೂರಿಸೋದು ಎಂಬುದು ಇನ್ನೊಂದು ತಲೆನೋವು. ಗಂಡ ಹೆಂಡತಿ ಜಗಳ, ಕುಡಿತ, ಸಾಲ, ಎಲ್ಲ ಹಾಲ್‌ಗೇ ಬರುತ್ತೆ. ಅಡುಗೆಮನೆಯಲ್ಲಿ ಹೋಂವರ್ಕ್ ಮಾಡುತ್ತಿರುವ ಮಕ್ಕಳ ಕಿವಿ ಇಲ್ಲೇ ಇರುತ್ತೆ. ನಾನು ಕುಕ್ಕರ್ ಇಟ್ಟುಬಿಡುತ್ತಿದ್ದೆ, ಸೀಟಿ ಸದ್ದಿಗೆ ಅರ್ಧ ಮಾತು ಮುಚ್ಚಿ ಹೋಗಲಿ ಅಂತ. ಮಕ್ಕಳಿಗೆ ಒಂದೇ ಕಟ್ಟುನಿಟ್ಟು: ಮನೆಯಲ್ಲಿ ಕೇಳಿದ್ದು ಸಂಡೇ ಸ್ಕೂಲಿಗೆ ಹೋಗಬಾರದು. ಯಾರ ಮನೆಯ ವಿಷಯವನ್ನೂ ಊಟದ ಹೊತ್ತಿಗೆ ಅಯ್ಯನವರ ಹತ್ತಿರ ನೀನೂ ತೆಗೀಬೇಡ. ಅಷ್ಟಾದರೂ ನಿಮ್ಮದಾಗಿ ಇರಲಿ.

ಭಾನುವಾರ ಇಲ್ಲಿ ಬೇರೆಯದೇ ಲೆಕ್ಕ. ಒಂದೇ ದೇವಾಲಯದಲ್ಲಿ ಹಲವು ಭಾಷೆಯ ಸಭೆಗಳು ಸರದಿಯಲ್ಲಿ ಕೂಡುವುದು ಮುಂಬೈಯಲ್ಲಿ ಮಾಮೂಲಿ. ಮರಾಠಿಯವರು ಎದ್ದ ಮೇಲೆ ತಮಿಳರು, ಅವರ ನಂತರ ನಾವು. ನಿಮ್ಮ ಅಯ್ಯನವರ ಪ್ರಸಂಗ (ಉಪದೇಶ) ಹತ್ತು ನಿಮಿಷ ಎಳೆದರೆ ಮುಂದಿನ ಸಭೆಯವರು ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿರುತ್ತಾರೆ. ನಿನ್ನ ಯಜಮಾನರಿಗೆ ಇದೊಂದು ಮಾತು ಖಂಡಿತ ತಿಳಿಸು! ಸಾಲದ್ದಕ್ಕೆ ಭಾನುವಾರವೇ ಸೆಂಟ್ರಲ್, ಹಾರ್ಬರ್ ಲೈನಿನಲ್ಲಿ ರಿಪೇರಿಗಾಗಿ ಮೆಗಾ ಬ್ಲಾಕ್, ಅಂದರೆ ಕೆಲವು ಗಂಟೆ ಗಾಡಿಗಳ ಓಡಾಟಕ್ಕೆ ತಡೆ. ಅರ್ಧ ಸಭೆ ಮೊದಲ ಗೀತೆಗೆ ಬರುತ್ತೆ, ಉಳಿದರ್ಧ ಕಾಣಿಕೆ ಎತ್ತುವ ಹೊತ್ತಿಗೆ. ಶನಿವಾರ ರಾತ್ರಿಯೇ ಬ್ಲಾಕಿನ ಸಮಯ ನೋಡಿ ಸಭೆಯ ಗ್ರೂಪಿನಲ್ಲಿ ಹಾಕುವ ಕೆಲಸ ನಮ್ಮ ಮನೆಯಲ್ಲಿ ನನ್ನದೇ.

ಮಳೆಗಾಲದಲ್ಲಿ ಬಿಳಿ ಕ್ಯಾಸಕ್, ಅಂದರೆ ಅಯ್ಯನವರು ಆರಾಧನೆಗೆ ತೊಡುವ ನಿಲುವಂಗಿ, ಒಣಗಿಸುವುದೇ ಒಂದು ಸಾಹಸ. ಜುಲೈನಲ್ಲಿ ಫ್ಯಾನಿನ ಕೆಳಗೆ ಎರಡು ದಿನ ತೂಗಿಬಿಟ್ಟರೂ ತೋಳಿನ ಹೊಲಿಗೆಯಲ್ಲಿ ಪಸೆ ಹಾಗೇ ಇರುತ್ತೆ. ಒದ್ದೆಯಲ್ಲೇ ಮಡಚಿಟ್ಟರೆ ಕಾಲರಿಗೆ ಕಪ್ಪು ಚುಕ್ಕೆ ಬೀಳುತ್ತೆ, ಆಮೇಲೆ ಏನು ಮಾಡಿದರೂ ಹೋಗೋದಿಲ್ಲ. ಮೂರು ಹೊಲಿಸಿಕೊಂಡು ಬಾ. ಒಂದು ಯಾವಾಗಲೂ ಇಸ್ತ್ರಿಯಾಗಿ, ಆರಾಧನೆ ಪುಸ್ತಕದ ಜೊತೆ ಚೀಲದಲ್ಲಿ ಇರಬೇಕು. ಸಾವು ಹೇಳಿ ಬರೋದಿಲ್ಲ. ಸೇವ್ರಿ ಸ್ಮಶಾನಕ್ಕೆ ಎಷ್ಟು ಹೊತ್ತಿಗೆ ತಲುಪಬೇಕು ಎಂದು ಫೋನ್ ಬಂದಾಗ ಅಯ್ಯನವರು ಬೇರೆ ಯಾರದೋ ಮನೆಯ ಪ್ರಾರ್ಥನೆಯಲ್ಲಿರುತ್ತಾರೆ, ಚೀಲ ಹೊತ್ತು ಸ್ಟೇಷನ್ನಿಗೆ ಓಡುವವಳು ನೀನೇ.

ಡಿಸೆಂಬರ್ ಬಗ್ಗೆ ಏನು ಹೇಳಲಿ. ಕ್ಯಾರಲ್ ತಂಡ ಒಂದು ರಾತ್ರಿ ವೆಸ್ಟರ್ನ್ ಲೈನ್, ಒಂದು ರಾತ್ರಿ ಸೆಂಟ್ರಲ್, ಇನ್ನೊಂದು ದಿನ ನವಿ ಮುಂಬೈ. ಕೊನೇ ಲೋಕಲ್ ಹಿಡಿದು ಮನೆಗೆ. ಕರ್ಚಿಕಾಯಿ, ಚಕ್ಕುಲಿ ಎಲ್ಲ ನವೆಂಬರಿನಲ್ಲೇ ಮಾಡಿ ಡಬ್ಬಿಗೆ ಹಾಕಿಬಿಡು.

ಮಕ್ಕಳ ವಿಷಯ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನಿಂದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹೆದರಬೇಡ, ಬಾಲಬೋಧ (ದೇವನಾಗರಿ) ಅಕ್ಷರ ನಮ್ಮ ಮಕ್ಕಳಿಗೆ ಬೇಗ ಹತ್ತುತ್ತೆ. ಕನ್ನಡ ಓದುವುದನ್ನು ಮಾತ್ರ ಮನೆಯಲ್ಲೇ ಕಲಿಸಬೇಕು. ರಾತ್ರಿ ಪ್ರಾರ್ಥನೆಯಲ್ಲಿ ಬೈಬಲ್ ಓದುವ ಸರದಿ ಮಕ್ಕಳಿಗೆ ಕೊಡು. ತಡವರಿಸಿದರೂ ಅವರೇ ಮುಗಿಸಲಿ. ನನ್ನ ಮಗಳು ಕನ್ನಡ ಓದೋದು ಹಾಗೇ ಕಲಿತದ್ದು.

ನಿಮಗಂತ ಹೊತ್ತು ಕೇಳಿದೆಯಲ್ಲ, ಸೋಮವಾರ ಇಟ್ಟುಕೊಳ್ಳಿ. ಬಂದ ಮೊದಲ ಕಮಿಟಿ ಮೀಟಿಂಗಿನಲ್ಲೇ ಯಜಮಾನರು ಅದನ್ನು ಹೇಳಿಬಿಡಲಿ. ಆರು ತಿಂಗಳು ಬಿಟ್ಟು ಹೇಳಿದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಆ ದಿನ ಫೋನು ಅವರ ಕೈಯಲ್ಲಿರದೆ ನಿನ್ನ ಕೈಯಲ್ಲಿರಲಿ. ಸಾವು, ಆಸ್ಪತ್ರೆ ಬಿಟ್ಟು ಉಳಿದದ್ದೆಲ್ಲ ಮಂಗಳವಾರಕ್ಕೆ.

ಜೂನ್‌ಗೆ ಶಾಲೆ ಶುರು, ಅಷ್ಟರೊಳಗೆ ಬಂದುಬಿಡಿ. ಜೋಳದ ಹಿಟ್ಟು ಹೊತ್ತು ತರಬೇಡ, ಇಲ್ಲಿ ಗಿರಣಿಯಲ್ಲಿ ಸಿಗುತ್ತೆ. ಆ ಜಾಗದಲ್ಲಿ ಕನ್ನಡ ಗೀತೆ ಪುಸ್ತಕಗಳನ್ನು ತುಂಬಿಕೊಂಡು ಬಾ, ಆಗಬಹುದಾ? ನಮ್ಮ ಸಂಡೇ ಸ್ಕೂಲಿನ ಪ್ರತಿಗಳೆಲ್ಲ ಹರಿದು ಹೋಗಿವೆ.