ಊರಿಗೆ ಬರುವ ದಾರಿ

ಮೆಕ್ಸಿಕೊದಿಂದ ಅಮೆರಿಕಕ್ಕೆ ಕೂಲಿಗೆ ಹೋದ ಗಂಡಸರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕುಂದಾಪುರ ಕಡೆಯ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ: "ನನ್ನ ಅಪ್ಪ ಮುಂಬೈಯ ಹೋಟೆಲಿನಲ್ಲಿ 22 ವರ್ಷ ದುಡಿದರು. ವರ್ಷಕ್ಕೊಮ್ಮೆ ತಪ್ಪದೆ ಊರಿಗೆ ಬರುತ್ತಿದ್ದರು. ಇವರು ಹತ್ತು ವರ್ಷವಾದರೂ ಹೆಂಡತಿ ಮಕ್ಕಳ ಮುಖ ನೋಡಲು ಬರುವುದಿಲ್ಲ. ಇಂಥವರ ಮೇಲೆ ನಿಮಗೆ ಯಾಕೆ ಇಷ್ಟು ಮರುಕ?"

ಸಂಪಾದಕರ ಉತ್ತರ:

ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಲೇಖನದಲ್ಲೇ ಅದಕ್ಕೆ ಉತ್ತರ ಇರಬೇಕಿತ್ತು, ಇರಲಿಲ್ಲ. ಆ ಗಂಡಸರೂ ಒಂದು ಕಾಲದಲ್ಲಿ ನಿಮ್ಮ ತಂದೆಯವರ ಹಾಗೆಯೇ ಊರಿಗೆ ಬಂದು ಹೋಗುತ್ತಿದ್ದರು.

1942ರಲ್ಲಿ ಯುದ್ಧದಿಂದಾಗಿ ಅಮೆರಿಕದ ಹೊಲಗಳಲ್ಲಿ ಆಳು ಸಿಗದಾಯಿತು. ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಮೆಕ್ಸಿಕೊದಿಂದ ಕೂಲಿಗಳನ್ನು ಕರೆಸಿಕೊಂಡವು. ಅವರನ್ನು 'ಬ್ರಸೇರೊ' ಎಂದು ಕರೆದರು, ತೋಳಿನಿಂದ ದುಡಿಯುವವನು ಅಂತ. ಗಂಡಸರಿಗೆ ಮಾತ್ರ ಅವಕಾಶ. ಸಂಸಾರ ಊರಲ್ಲೇ ಇರಬೇಕು. 1964ರವರೆಗೆ ಇಂಥ 45 ಲಕ್ಷಕ್ಕೂ ಹೆಚ್ಚು ಕರಾರುಗಳಾದವು. ಒಬ್ಬನೇ ಹಲವು ಸಲ ಹೋಗಿ ಬಂದದ್ದೂ ಈ ಲೆಕ್ಕದಲ್ಲಿದೆ. ಗಡಿಯಲ್ಲಿ ಅವರ ಬಟ್ಟೆ ಬಿಚ್ಚಿಸಿ ಮೈಮೇಲೆ ಡಿಡಿಟಿ ಪುಡಿ ಹೊಡೆಯುತ್ತಿದ್ದರು. ಮೊದಲ ವರ್ಷಗಳಲ್ಲಿ ಸಂಬಳದಲ್ಲಿ ನೂರಕ್ಕೆ ಹತ್ತು ಹಿಡಿದು, ಊರಿಗೆ ಮರಳಿದ ಮೇಲೆ ಕೊಡುತ್ತೇವೆ ಎಂದಿದ್ದರು. ಎಷ್ಟೋ ಜನರ ಕೈಗೆ ಆ ದುಡ್ಡು ಬರಲೇ ಇಲ್ಲ. ಆದರೂ ಕರಾರು ಮುಗಿದಾಗ ಅವರು ಮನೆಗೆ ಬರುತ್ತಿದ್ದರು.

ಕರಾರು ನಿಂತಿತು, ಹೊಲದ ಕೆಲಸ ನಿಲ್ಲಲಿಲ್ಲ. ಆಮೇಲೆ ಬಂದ ಕಾನೂನುಗಳು ವೀಸಾಗಳಿಗೆ ಮಿತಿ ಹಾಕಿದವು. ಅದೇ ಗಂಡಸರು ಅದೇ ಹೊಲಗಳಿಗೆ ಕಾಗದಪತ್ರ ಇಲ್ಲದೆ ಹೋದರು. ಆಗಲೂ ಗಡಿ ದಾಟುವುದು ತೀರಾ ಕಷ್ಟವಿರಲಿಲ್ಲ. ಸುಗ್ಗಿ ಮುಗಿಸಿ ಕ್ರಿಸ್ಮಸ್‌ಗೆ, ಊರ ಹಬ್ಬಕ್ಕೆ ಬರುತ್ತಿದ್ದರು.

ಇದು ಕೆಟ್ಟದ್ದು 1990ರ ದಶಕದಲ್ಲಿ. 1993ರಲ್ಲಿ ಎಲ್ ಪಾಸೊದಲ್ಲಿ, 1994ರಲ್ಲಿ ಸ್ಯಾನ್ ಡಿಯೆಗೊದಲ್ಲಿ ಗಡಿ ಕಾವಲು ಬಿಗಿಯಾಯಿತು. ಜನ ಅರಿಜೋನಾದ ಮರುಭೂಮಿಯ ದಾರಿ ಹಿಡಿದರು. ಬಿಸಿಲಿಗೆ, ಬಾಯಾರಿಕೆಗೆ ಎಷ್ಟೋ ಮಂದಿ ಅಲ್ಲೇ ಸತ್ತರು. ದಾಟಿಸುವ 'ಕೊಯೋಟೆ'ಗಳ ದರ ಹಲವು ಪಟ್ಟು ಏರಿತು. ಈಗ ನೀವೇ ಯೋಚಿಸಿ. ಸಾಲ ಮಾಡಿ, ಜೀವ ಕೈಯಲ್ಲಿ ಹಿಡಿದು ಒಳಗೆ ಹೋದವನು ಒಮ್ಮೆ ಮಗಳನ್ನು ನೋಡಿಬರಲು ಅದೆಲ್ಲವನ್ನೂ ಮತ್ತೆ ಪಡಬೇಕು ಅಂದರೆ ಹೇಗೆ ಹೊರಟಾನು? ಡಗ್ಲಸ್ ಮೆಸ್ಸಿ ಎಂಬ ಸಮಾಜಶಾಸ್ತ್ರಜ್ಞರು, ಮೆಕ್ಸಿಕೊದ ಹೊರ್ಹೆ ದುರಾಂಡ್ ಅವರ ಜೊತೆಗೂಡಿ 1982ರಿಂದ ಊರೂರು ಸುತ್ತಿ ಲೆಕ್ಕ ಹಾಕಿದ್ದಾರೆ. ಕಾವಲು ಬಿಗಿಯಾದ ಮೇಲೆ ಕಡಿಮೆಯಾದದ್ದು ಊರಿಗೆ ಮರಳುವವರ ಸಂಖ್ಯೆ ಎಂದು ಅವರ ಕೆಲಸ ತೋರಿಸುತ್ತದೆ. ಕೆಲವರು ಹೆಂಡತಿ ಮಕ್ಕಳನ್ನೂ ಅದೇ ದಾರಿಯಲ್ಲಿ ಕರೆಸಿಕೊಂಡರು. ಉಳಿದವರು ಫೋನಿನಲ್ಲೇ ಅಪ್ಪಂದಿರಾದರು. ಅಲ್ಲಿ ಇನ್ನೊಂದು ಸಂಸಾರ ಕಟ್ಟಿಕೊಂಡು ಇತ್ತ ತಿರುಗಿಯೂ ನೋಡದವರಿದ್ದಾರೆ. ಅವರ ಪರ ನಾನು ಮಾತಾಡುವುದಿಲ್ಲ.

ಮನೆಯಲ್ಲಿ ಉಳಿದ ಹೆಂಗಸರ ಬಗ್ಗೆ ನಮ್ಮ ಲೇಖನ ಎರಡೇ ಸಾಲು ಬರೆದಿತ್ತು. ಅದು ತಪ್ಪು. ಗಂಡ ದೂರವಿರುವವಳನ್ನು ಮೆಕ್ಸಿಕೊದಲ್ಲಿ 'ಬಿಳಿ ವಿಧವೆ' ಎನ್ನುತ್ತಾರೆ. ಜೋಳದ ಹೊಲ, ದನ, ಸಾಲ, ಮಕ್ಕಳ ಶಾಲೆ ಎಲ್ಲ ಅವಳ ತಲೆಮೇಲೆ. ಎಷ್ಟೋ ಕಡೆ ಅತ್ತೆಮನೆಯಲ್ಲೇ ಇರಬೇಕು. ಎಲ್ಲಿ ಹೋದಳು, ಯಾರ ಜೊತೆ ಮಾತಾಡಿದಳು ಅಂತ ಊರೆಲ್ಲ ಕಣ್ಣಿಟ್ಟಿರುತ್ತದೆ. ಅದೇ ಹೊತ್ತಿಗೆ ಬ್ಯಾಂಕಿಗೆ ಹೋಗುವುದು, ಆಳು ಇಟ್ಟು ದುಡಿಸುವುದು, ಪಂಚಾಯ್ತಿಯಂಥ ಸಭೆಗಳಲ್ಲಿ ಮಾತಾಡುವುದು ಅವಳಿಗೆ ಬಂತು. ಇದನ್ನು 'ಸ್ವಾತಂತ್ರ್ಯ' ಎಂದು ಸುಮ್ನೆ ಹೊಗಳಲು ನನಗೆ ಮನಸ್ಸಿಲ್ಲ. ಆ ಭಾರ ಬೇಕೋ ಬೇಡವೋ ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ದುಡ್ಡಂತೂ ಬರುತ್ತಲೇ ಇದೆ. ವಲಸೆ ಹೋದವರು 2023ರಲ್ಲಿ ಮೆಕ್ಸಿಕೊಗೆ ಕಳಿಸಿದ್ದು 6,000 ಕೋಟಿ ಡಾಲರ್‌ಗೂ ಜಾಸ್ತಿ. ಝಕಾಟೆಕಸ್ ಸೀಮೆಯ ಹಳ್ಳಿಗಳಲ್ಲಿ ಈ ಹಣದಿಂದ ರಸ್ತೆ, ನೀರಿನ ಪೈಪು, ಇಗರ್ಜಿ ಎಲ್ಲ ಆಗಿವೆ. ಒಳ್ಳೊಳ್ಳೆ ಮನೆಗಳೂ ಎದ್ದಿವೆ. ಕಟ್ಟಿಸಿದವನು ಮಾತ್ರ ಅಲ್ಲಿಲ್ಲ.

ಇಂದಿಗೂ ಎಚ್-2ಎ ಎಂಬ ಹೊಲಗೆಲಸದ ವೀಸಾ ಇದೆ. 2023ರಲ್ಲಿ 3 ಲಕ್ಷಕ್ಕೂ ಹೆಚ್ಚು ಕೊಟ್ಟರು, ಪಡೆದವರಲ್ಲಿ ಬಹುಪಾಲು ಮೆಕ್ಸಿಕೊದ ಗಂಡಸರು. ಸುಗ್ಗಿ ಮುಗಿದರೆ ಅವರು ಮನೆಗೆ ಬರುತ್ತಾರೆ. ಆದರೆ ಆ ವೀಸಾ ಒಬ್ಬ ಧಣಿಗೆ ಕಟ್ಟುಬಿದ್ದದ್ದು. ಅವನು ಸಂಬಳ ಕಡಿಮೆ ಕೊಟ್ಟರೂ, ಬೈದರೂ ಇನ್ನೊಬ್ಬರ ಹೊಲಕ್ಕೆ ಸುಲಭವಾಗಿ ಹೋಗುವಂತಿಲ್ಲ. ನಿಮ್ಮ ತಂದೆಯವರಿಗೆ ಒಂದು ಹೋಟೆಲು ಸರಿಬರದಿದ್ದರೆ ಪಕ್ಕದ ಹೋಟೆಲಿಗೆ ಹೋಗಬಹುದಿತ್ತು, ಅಲ್ವಾ? ಊರಿಗೆ ಬರಲು ಅವರು ಯಾವ ಗಡಿಯನ್ನೂ ದಾಟಬೇಕಿರಲಿಲ್ಲ. ಬಸ್ಸಿನ ಟಿಕೆಟು ಸಾಕಿತ್ತು.

ಆ ಲೇಖನದ ಚಿತ್ರದ ಕೆಳಗೆ 'ಸಂಸಾರ ತೊರೆದವರು' ಎಂದು ಹಾಕಿದ್ದೆವು. ಆ ಸಾಲು ಬರೆದವನು ನಾನೇ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.