ಸಂಪಾದಕರ ಉತ್ತರ: ಆರು ಪೀರಿಯಡ್‌ಗಳಲ್ಲಿ ಮಣ್ಣಿಗೂ ಜಾಗ ಇದೆ

ಪತ್ರ: ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. ಮಗಳು ಈ ಆಗಸ್ಟ್‌ಗೆ ಒಂಬತ್ತನೇ ತರಗತಿ, ಇಲ್ಲಿಯ ಲೆಕ್ಕದಲ್ಲಿ ಹೈಸ್ಕೂಲಿನ ಮೊದಲ ವರ್ಷ. ಕೋರ್ಸ್ ಆಯ್ಕೆಯ ಫಾರ್ಮ್ ಬಂದಿದೆ, ಶುಕ್ರವಾರದೊಳಗೆ ಕೊಡಬೇಕು. ನಮ್ಮ ಯಜಮಾನರು ಹನ್ನೆರಡನೆಯವರೆಗಿನ ನಾಲ್ಕೂ ವರ್ಷವನ್ನು ಎಕ್ಸೆಲ್‌ನಲ್ಲಿ ತುಂಬಿಟ್ಟಿದ್ದಾರೆ, ಒಟ್ಟು ಹನ್ನೊಂದು ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್. ಅವಳಿಗೆ ಸೆರಾಮಿಕ್ಸ್ ಬೇಕಂತೆ. ‘ಮಡಕೆ ಮಾಡೋಕೆ ಇಷ್ಟು ದೂರ ಬರಬೇಕಿತ್ತಾ’ ಅನ್ನುತ್ತಾರೆ ಇವರು. ಎಂಟು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ಭಾನುವಾರ ಕನ್ನಡ ಶಾಲೆಗೂ ಹೋಗುತ್ತಾಳೆ. ಅವೆರಡನ್ನೂ ಲೆಕ್ಕಕ್ಕೆ ಹಿಡಿಸಿದರೆ ಆರ್ಟ್ಸೂ ಬೇಡ, ಸ್ಪ್ಯಾನಿಷ್ಷೂ ಬೇಡ ಎಂಬುದು ಇವರ ಹಂಚಿಕೆ. ನೀವೇನಂತೀರಿ?

ಉತ್ತರ: ತಾಯಿ, ಯಜಮಾನರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ನಾಲ್ಕು ವರ್ಷವನ್ನು ಒಂದೇ ಹಾಳೆಯಲ್ಲಿ ನೋಡಬೇಕು ಅನ್ನುವುದು ಸರಿ. ಒಳ್ಳೆಯ ಕಾಲೇಜುಗಳು ಮಗು ಎಷ್ಟು ಕಷ್ಟದ ಕೋರ್ಸ್ ತೆಗೆದುಕೊಂಡಿದೆ ಎಂದು ನೋಡುತ್ತವೆ, ಅದೂ ಸರಿ. ಆದರೆ ಅವರ ಹಾಳೆ ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ. ಅಳತೆ ಎಲ್ಲಿಂದ ತೆಗೆದುಕೊಂಡರೋ ಗೊತ್ತಿಲ್ಲ. ಶಾಲೆಯ ಕ್ಯಾಟಲಾಗ್‌ನಿಂದಂತೂ ಅಲ್ಲ. ವಾಟ್ಸಾಪ್ ಗುಂಪಿನಿಂದ ಇರಬಹುದು.

ಅಳತೆ ಇಲ್ಲಿದೆ. ನಿಮ್ಮ ಮಗಳ ಮುಂದೆ ಇರುವುದು ಒಂದು ಪಟ್ಟಿಯಲ್ಲ, ಎರಡು. ಒಂದು, ಡಿಪ್ಲೊಮಾ ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಕೈಗೆ ಬರಲು ಬೇಕಾದದ್ದು. ರಾಜ್ಯ ಕೇಳುವ ಕನಿಷ್ಠ ಹೀಗಿದೆ: ಇಂಗ್ಲಿಷ್ 3 ವರ್ಷ, ಗಣಿತ 2, ವಿಜ್ಞಾನ 2, ಸಮಾಜ 3, ವ್ಯಾಯಾಮ 2, ಜೊತೆಗೆ ಕಲೆ, ಪರಭಾಷೆ ಅಥವಾ ವೃತ್ತಿ ಶಿಕ್ಷಣದಲ್ಲಿ ಯಾವುದಾದರೂ ಒಂದು, 1 ವರ್ಷ. ಸಮಾಜದ ಮೂರರಲ್ಲಿ ಜಗತ್ತಿನ ಇತಿಹಾಸ ಒಂದು, ಅಮೆರಿಕದ ಇತಿಹಾಸ ಒಂದು, ಸರ್ಕಾರ ಮತ್ತು ಅರ್ಥಶಾಸ್ತ್ರ ಅರ್ಧರ್ಧ. ಇದರ ಮೇಲೆ ನಿಮ್ಮ ಡಿಸ್ಟ್ರಿಕ್ಟ್, ಅಂದರೆ ನಿಮ್ಮ ಭಾಗದ ಶಾಲೆಗಳನ್ನು ನಡೆಸುವ ಆಡಳಿತ, ತನ್ನದನ್ನು ಸೇರಿಸುತ್ತದೆ. ಬಹಳ ಕಡೆ ಅರ್ಧ ವರ್ಷದ ಹೆಲ್ತ್ ಕೋರ್ಸ್, ಒಟ್ಟು 220ರ ಆಸುಪಾಸಿನ ಕ್ರೆಡಿಟ್. ಒಂದು ಸೆಮಿಸ್ಟರ್‌ಗೆ 5 ಕ್ರೆಡಿಟ್, ವರ್ಷಕ್ಕೆ 10. 2030-31ರಲ್ಲಿ ಹೈಸ್ಕೂಲು ಮುಗಿಸುವ ತಂಡದಿಂದ ಒಂದು ಸೆಮಿಸ್ಟರ್ ವೈಯಕ್ತಿಕ ಹಣಕಾಸು ಕೂಡ ಕಡ್ಡಾಯ. ಚಿಕ್ಕ ಮಕ್ಕಳಿರುವವರು ಇದನ್ನು ಗುರುತು ಹಾಕಿಕೊಳ್ಳಲಿ.

ಎರಡನೆಯ ಪಟ್ಟಿಯ ಹೆಸರು ಎ-ಜಿ. ಕ್ಯಾಲಿಫೋರ್ನಿಯಾದ ಎರಡು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳು, ಅಂದರೆ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ (ಸಿಎಸ್‌ಯು), ಕೇಳುವುದು ಇದನ್ನು. ಎ ಇತಿಹಾಸ 2 ವರ್ಷ, ಬಿ ಇಂಗ್ಲಿಷ್ 4, ಸಿ ಗಣಿತ 3 (4 ಆದರೆ ಒಳ್ಳೆಯದು), ಡಿ ಪ್ರಯೋಗಾಲಯ ಸಹಿತ ವಿಜ್ಞಾನ 2 (3 ಒಳ್ಳೆಯದು), ಇ ಪರಭಾಷೆ 2 (3 ಒಳ್ಳೆಯದು), ಎಫ್ ಕಲೆ 1, ಜಿ ಐಚ್ಛಿಕ 1. ಒಟ್ಟು 15. ಯುಸಿಗೆ ಇವುಗಳಲ್ಲಿ 11 ಕೋರ್ಸ್ ಹನ್ನೊಂದನೆಯ ತರಗತಿ ಮುಗಿಯುವಷ್ಟರಲ್ಲಿ ಆಗಿರಬೇಕು.

ಎರಡು ಪಟ್ಟಿಗಳ ನಡುವಿನ ಸಂದಿಯಲ್ಲೇ ಮಕ್ಕಳು ಬೀಳುವುದು. ‘ಡಿ’ ಗ್ರೇಡ್ ಬಂದರೆ ಶಾಲೆ ಕ್ರೆಡಿಟ್ ಕೊಡುತ್ತದೆ, ಡಿಪ್ಲೊಮಾಕ್ಕೆ ತೊಂದರೆ ಇಲ್ಲ. ಎ-ಜಿಗೆ ಮಾತ್ರ ‘ಸಿ’ ಅಥವಾ ಅದಕ್ಕಿಂತ ಮೇಲೆ ಬೇಕು. ಹಾಗಾಗಿ ಹುಡುಗ ಪಾಸಾಗಿದ್ದಾನೆ, ಪೋರ್ಟಲ್‌ನಲ್ಲಿ ಎಲ್ಲಿಯೂ ಕೆಂಪು ಗುರುತಿಲ್ಲ, ಅಪ್ಪ ಅಮ್ಮ ನೆಮ್ಮದಿಯಾಗಿದ್ದಾರೆ. ಹನ್ನೆರಡರಲ್ಲಿ ಅರ್ಜಿ ತುಂಬುವಾಗ ಹತ್ತನೆಯ ತರಗತಿಯ ಜಾಮೆಟ್ರಿ ಲೆಕ್ಕಕ್ಕಿಲ್ಲ ಎಂದು ತಿಳಿಯುತ್ತದೆ. ಡಿ ಅಥವಾ ಎಫ್ ಬಂದದ್ದನ್ನು ಮತ್ತೆ ಓದಿ ಹೊಸ ಗ್ರೇಡ್ ಪಡೆಯಬಹುದು. ಆದರೆ ಸಿ ಬಂದದ್ದನ್ನು ಬಿ ಮಾಡಿಕೊಳ್ಳಲು ಮತ್ತೆ ಓದಿದರೆ ಯುಸಿ ಆ ಹೊಸ ಗ್ರೇಡನ್ನು ಒಪ್ಪುವುದಿಲ್ಲ. ಇನ್ನೊಂದು ಬಲೆ ಕೋರ್ಸಿನ ಹೆಸರು. ‘ಸೈನ್ಸ್’ ಎಂದಿದ್ದ ಮಾತ್ರಕ್ಕೆ ‘ಡಿ’ ವಿಭಾಗಕ್ಕೆ ಸೇರುತ್ತದೆ ಎಂದಲ್ಲ. ಯುಸಿಯ ಜಾಲತಾಣದಲ್ಲಿ ಪ್ರತಿ ಶಾಲೆಯ ಒಪ್ಪಿತ ಎ-ಜಿ ಪಟ್ಟಿ ಇರುತ್ತದೆ. ಶಾಲೆಯ ಹೆಸರು ಹಾಕಿ, ಫಾರ್ಮಿನಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಹತ್ತು ನಿಮಿಷದ ಕೆಲಸ. ಸಾವಿರಾರು ಡಾಲರ್ ಕೊಟ್ಟು ಕನ್ಸಲ್ಟೆಂಟ್ ಹಿಡಿಯುವ ನಮ್ಮವರು ಈ ಹತ್ತು ನಿಮಿಷವನ್ನು ಕೊಡುವುದಿಲ್ಲ.

ಈಗ ಎಕ್ಸೆಲ್‌ನ ಮುಂದೆ ಯಜಮಾನರನ್ನು ಕೂಡಿಸಿ. ದಿನಕ್ಕೆ ಆರು ಪೀರಿಯಡ್ ಎಂದರೆ ನಾಲ್ಕು ವರ್ಷಕ್ಕೆ 24 ಮನೆ. ಕನಿಷ್ಠವನ್ನು ಬಿಡಿ, ‘ಒಳ್ಳೆಯದು’ ಎಂದು ವಿಶ್ವವಿದ್ಯಾಲಯವೇ ಹೇಳುವುದನ್ನು ತುಂಬೋಣ: ಇಂಗ್ಲಿಷ್ 4, ಗಣಿತ 4, ವಿಜ್ಞಾನ 3, ಸಮಾಜ 3, ಭಾಷೆ 3, ಕಲೆ 1, ವ್ಯಾಯಾಮ 2. ಒಟ್ಟು 20. ‘ಜಿ’ಗೆ ಬೇರೆ ಮನೆ ಬೇಡ, ಹೆಚ್ಚುವರಿ ಗಣಿತವೋ ವಿಜ್ಞಾನವೋ ಅದನ್ನು ತುಂಬುತ್ತದೆ. ಹೆಲ್ತ್‌ಗೆ ಅರ್ಧ ಹೋದರೂ ಮೂರೂವರೆ ಮನೆ ಖಾಲಿ ಉಳಿಯಿತು! ಇಡೀ ಹೈಸ್ಕೂಲಿನಲ್ಲಿ ನಿಮ್ಮ ಮಗಳದೇ ಎನ್ನುವ ಜಾಗ ಅದು. ಅದರಲ್ಲಿ ಮೂರನ್ನು ಅವಳ ಪರವಾಗಿ ಅಪ್ಪ ಈಗಲೇ, ಹದಿನಾಲ್ಕರ ವಯಸ್ಸಿಗೇ, ಭರ್ತಿ ಮಾಡಿ ಬೀಗ ಹಾಕಬೇಕೇ?

ಸೆರಾಮಿಕ್ಸಂತೂ ಆ ಮೂರೂವರೆಯನ್ನು ಮುಟ್ಟುವುದೂ ಇಲ್ಲ. ಶಾಲೆಯ ಪಟ್ಟಿಯಲ್ಲಿ ಅದು ‘ಎಫ್’ ಎಂದು ಇದ್ದರೆ ಕಡ್ಡಾಯವಾದ ಕಲೆಯ ವರ್ಷವೇ ಅದು. ಮಡಕೆ ಮಾಡುತ್ತಲೇ ಯುಸಿಯ ಹದಿನೈದರಲ್ಲಿ ಒಂದು ಮುಗಿಯುತ್ತದೆ. ಒಂದೇ ಎಚ್ಚರಿಕೆ, ಎರಡು ಸೆಮಿಸ್ಟರೂ ಒಂದೇ ಕಲಾಪ್ರಕಾರದಲ್ಲಿರಬೇಕು. ಅರ್ಧ ವರ್ಷ ಮಣ್ಣು, ಅರ್ಧ ವರ್ಷ ನಾಟಕ ಎಂದರೆ ಎರಡೂ ಸೇರಿ ಒಂದಾಗುವುದಿಲ್ಲ. ಇನ್ನು ಭರತನಾಟ್ಯ. ಖಾಸಗಿ ಪಾಠ, ಅದು ರಂಗಪ್ರವೇಶದವರೆಗೆ ಹೋಗಿದ್ದರೂ, ‘ಎಫ್’ಗೆ ಸಲ್ಲುವುದಿಲ್ಲ. ಅರ್ಜಿಯಲ್ಲಿ ಚಟುವಟಿಕೆಗಳ ಭಾಗದಲ್ಲಿ ಅದಕ್ಕೆ ಗೌರವದ ಜಾಗ ಇದೆ, ಕೋರ್ಸಿನ ಜಾಗ ಇಲ್ಲ.

ಹನ್ನೊಂದು ಎಪಿಯ ವಿಷಯ. ಯುಸಿ ಗ್ರೇಡ್ ಸರಾಸರಿಗೆ ಹಿಡಿಯುವುದು ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಎ-ಜಿ ಕೋರ್ಸ್‌ಗಳನ್ನು ಮಾತ್ರ. ಎಪಿಯಂಥ ಕೋರ್ಸ್‌ಗೆ ಸಿಗುವ ಹೆಚ್ಚುವರಿ ಅಂಕಕ್ಕೆ ಎಂಟು ಸೆಮಿಸ್ಟರ್‌ಗಳ ಮಿತಿ ಇದೆ, ಅಂದರೆ ನಾಲ್ಕು ವರ್ಷ-ಕೋರ್ಸ್. ಅದರಲ್ಲೂ ಹತ್ತನೆಯ ತರಗತಿಯಿಂದ ನಾಲ್ಕು ಸೆಮಿಸ್ಟರ್‌ಗಿಂತ ಹೆಚ್ಚು ಹಿಡಿಯುವುದಿಲ್ಲ. ಒಂಬತ್ತನೆಯದರ ಎಪಿಗೆ ಆ ಅಂಕವೇ ಇಲ್ಲ. ಹನ್ನೊಂದನ್ನು ಗುಡ್ಡೆ ಹಾಕಿದರೆ ನಾಲ್ಕಕ್ಕೆ ಕೂಲಿ, ಏಳು ಬಿಟ್ಟಿ. ಅದು ಅವಳಿಗೆ ನಿಜಕ್ಕೂ ಇಷ್ಟವಾದ ಏಳಾದರೆ ಸಂತೋಷ. ಕಷ್ಟದ ಕೋರ್ಸ್‌ಗೆ ಬೇರೆ ರೀತಿಯ ಬೆಲೆ ಇದ್ದೇ ಇದೆ ಎಂದು ಮೊದಲೇ ಒಪ್ಪಿದ್ದೇನೆ. ಆದರೆ ಏಳರ ಭಾರಕ್ಕೆ ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಬಿ ಹೋಗಿ ಸಿ ಬಂದರೆ? ಆ ಸಿ ಅಳಿಸುವಂಥದ್ದಲ್ಲ ಎಂದು ಮೇಲೆಯೇ ಹೇಳಿದೆ.

ಈ ಕ್ರೆಡಿಟ್ ಎಂಬ ಅಳತೆ ಬಂದದ್ದೆಲ್ಲಿಂದ ಎಂದು ಓದಿದರೆ ನಗು ಬರುತ್ತದೆ. 1905ರಲ್ಲಿ ಆಂಡ್ರೂ ಕಾರ್ನೆಗಿ ಕಾಲೇಜು ಪ್ರಾಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಇಟ್ಟರು. ಯಾವುದು ಕಾಲೇಜು, ಯಾವುದು ಬರೀ ಬೋರ್ಡು ಎಂದು ತೀರ್ಮಾನಿಸಬೇಕಿತ್ತಲ್ಲ? ಸೇರುವ ವಿದ್ಯಾರ್ಥಿ ಹೈಸ್ಕೂಲಿನಲ್ಲಿ 14 ಯೂನಿಟ್ ಓದಿರಬೇಕು, ಒಂದು ಯೂನಿಟ್ ಎಂದರೆ ಒಂದು ವಿಷಯದಲ್ಲಿ ಸುಮಾರು 120 ಗಂಟೆಯ ಪಾಠ ಎಂದು ಗೆರೆ ಎಳೆದರು. ಮೇಷ್ಟ್ರುಗಳ ಪಿಂಚಣಿಗಾಗಿ ಎಳೆದ ಗೆರೆ ಇಂದಿಗೂ ನಿಮ್ಮ ಮಗಳ ಪೀರಿಯಡ್ ಪಟ್ಟಿಯಾಗಿ ನಿಂತಿದೆ. ಅದು ಕೂತ ಗಂಟೆಯ ಲೆಕ್ಕ, ಬುದ್ಧಿಯ ತೂಕವಲ್ಲ. ನಮ್ಮವರು ಅದನ್ನು ಎಸ್‌ಎಸ್‌ಎಲ್‌ಸಿಯ 625ರ ಹಾಗೆ ಪೂಜೆ ಮಾಡುತ್ತಾರೆ.

ಗಣಿತಕ್ಕೆ ಬರೋಣ, ಮನೆಯಲ್ಲಿ ಜಗಳ ಅಲ್ಲಿಯೂ ಇರುತ್ತದೆ ಎಂದು ನನ್ನ ಊಹೆ. ಎಂಟನೆಯದರಲ್ಲಿ ಆಲ್ಜೀಬ್ರಾ 1 ಸಿ ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿದಿದ್ದರೆ ಎ-ಜಿಗೆ ಅದು ಲೆಕ್ಕ. ಆದರೆ ಡಿಪ್ಲೊಮಾಕ್ಕೆ ಹೈಸ್ಕೂಲಿನಲ್ಲೇ ಎರಡು ವರ್ಷ ಗಣಿತ ಬೇಕೇ ಬೇಕು. ಎ-ಜಿಗೆ ಜಾಮೆಟ್ರಿಯನ್ನು ಹಾರಿ ಹೋಗಲು ದಾರಿ ಇಲ್ಲ. ಬೇಸಿಗೆಯ ಆರು ವಾರದಲ್ಲಿ ಇಡೀ ವರ್ಷದ ಜಾಮೆಟ್ರಿ ಮುಗಿಸಿ ಒಂದು ಮೆಟ್ಟಿಲು ಹಾರಿಸುವ ಚಾಳಿ ಇದೆ. ದಿನಕ್ಕೊಂದು ಅಧ್ಯಾಯ ನುಂಗಿದ್ದು ಪ್ರೀಕ್ಯಾಲ್ಕ್ಯುಲಸ್‌ನ ತ್ರಿಕೋನಮಿತಿ ಬಂದಾಗ ಹೊರಗೆ ಬರುತ್ತದೆ. ಶಾಲೆ ಹಾಕಿದ ಗಣಿತದ ಹಂತ ತಪ್ಪು ಅನ್ನಿಸಿದರೆ ಸುಮ್ಮನಿರಬೇಕಿಲ್ಲ. 2015ರ ರಾಜ್ಯ ಕಾನೂನಿನ ಪ್ರಕಾರ ಒಂಬತ್ತಕ್ಕೆ ಸೇರುವ ಮಕ್ಕಳ ಗಣಿತ ಹಂತವನ್ನು ಬರೆದಿಟ್ಟ, ಪಾರದರ್ಶಕ ನಿಯಮದಿಂದಲೇ ನಿರ್ಧರಿಸಬೇಕು. ಶಾಲೆ ಶುರುವಾದ ಮೊದಲ ತಿಂಗಳೊಳಗೆ ಒಮ್ಮೆ ಮರುಪರಿಶೀಲಿಸಬೇಕು, ಪೋಷಕರು ಪ್ರಶ್ನಿಸಲು ದಾರಿಯೂ ಇರಬೇಕು. ಕೇಳುವಾಗ ಕಾನೂನಿನ ಮಾತನ್ನು ಮೆತ್ತಗೆ ಎತ್ತಿ. ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಶಾಲೆಯ ಕೌನ್ಸೆಲರ್ ಮೇಲೆ ರೇಗಬೇಡಿ. ಒಬ್ಬರಿಗೆ 250 ಮಕ್ಕಳು ಎಂದು ಆ ವೃತ್ತಿಯ ಸಂಘ ಹೇಳುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಅವರ ತಲೆಯ ಮೇಲಿರುವುದು ಅದಕ್ಕಿಂತ ಹೆಚ್ಚು.

ಕನ್ನಡ. ಇದನ್ನು ಕೊನೆಗೆ ಇಟ್ಟುಕೊಂಡದ್ದು ಆಸೆಯಿಂದ. ಎಪಿ ಪಟ್ಟಿಯಲ್ಲಿ ಕನ್ನಡವಿಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಆದರೂ ‘ಇ’ ವಿಭಾಗಕ್ಕೆ ಎರಡು ವರ್ಷದ ಕಲಿಕೆಗೆ ಸಮನಾದ ಭಾಷಾ ಸಾಮರ್ಥ್ಯ ಇದೆ ಎಂದು ಶಾಲೆಯ ಪ್ರಿನ್ಸಿಪಾಲರು ತಕ್ಕ ಆಧಾರದ ಮೇಲೆ ದೃಢೀಕರಿಸುವ ದಾರಿ ಇದೆ. ಭಾನುವಾರದ ಶಾಲೆಯ ಹಾಜರಾತಿಯೊಂದೇ ಸಾಲದು. ಅವಳು ಓದಿ, ಬರೆದು ತೋರಿಸಬೇಕು. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವ ಕನ್ನಡ ಒತ್ತಕ್ಷರದ ಮುಂದೆ ನಿಂತುಬಿಡುತ್ತದೆ. ಹಾಗಾಗಿ ಕೌನ್ಸೆಲರನ್ನು ಈ ವರ್ಷವೇ, ಲಿಖಿತವಾಗಿ ಕೇಳಿ: ಕನ್ನಡಕ್ಕೆ ಯಾವ ಪರೀಕ್ಷೆ ಒಪ್ಪುತ್ತೀರಿ, ಫಲಿತಾಂಶ ಟ್ರಾನ್‌ಸ್ಕ್ರಿಪ್ಟ್ ಎಂಬ ಅಂಕಪಟ್ಟಿಯಲ್ಲಿ ಹೇಗೆ ಬರುತ್ತದೆ? ಉತ್ತರ ಬರುವವರೆಗೆ ಸ್ಪ್ಯಾನಿಷ್ 1 ಬಿಡಬೇಡಿ. ಹನ್ನೊಂದಕ್ಕೆ ಭಾಷೆ ಶುರು ಮಾಡಿದವರಿಗೆ ಎರಡೇ ವರ್ಷ ಸಿಗುತ್ತದೆ, ಒಂದು ಸೆಮಿಸ್ಟರ್ ಎಡವಿದರೆ ಸುಧಾರಿಸಿಕೊಳ್ಳಲು ಜಾಗವಿಲ್ಲ. ಇದರ ಜೊತೆ ದ್ವಿಭಾಷಾ ಮುದ್ರೆ ಎಂಬುದೊಂದಿದೆ. ಇಂಗ್ಲಿಷಿನೊಂದಿಗೆ ಇನ್ನೊಂದು ಭಾಷೆಯೂ ಬಲ್ಲವರ ಡಿಪ್ಲೊಮಾದ ಮೇಲೆ ಅಂಟಿಸುತ್ತಾರೆ. ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, 2011ರಲ್ಲಿ. ಎಪಿ ಇಲ್ಲದ ಭಾಷೆಗೆ ಡಿಸ್ಟ್ರಿಕ್ಟೇ ಮಾತು, ಓದು, ಬರಹದ ಪರೀಕ್ಷೆ ನಡೆಸಬಹುದು. ಮುದ್ರೆಯಿಂದ ‘ಇ’ ತಾನಾಗಿ ತುಂಬುವುದಿಲ್ಲ, ಎರಡೂ ಬೇರೆ ಬೇರೆ. ಆದರೂ ಆ ಹೊಳೆಯುವ ಚೂರಿನ ಹಿಂದೆ ಕನ್ನಡ ಇದೆ ಎಂದರೆ ನಾನು ಪಕ್ಷಪಾತಿ.

ಒಂದು ತಮಾಷೆ ಕೇಳಿ. ಆರನೆಯ ತರಗತಿ ಅಥವಾ ಮೇಲೆ ಎರಡು ವರ್ಷ, ಇಂಗ್ಲಿಷಲ್ಲದ ಭಾಷೆಯ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಯುಸಿ ‘ಇ’ ಆಯಿತೆಂದು ಒಪ್ಪುತ್ತದೆ. ಚನ್ನರಾಯಪಟ್ಟಣದ ಸರ್ಕಾರಿ ಕನ್ನಡ ಶಾಲೆಯಿಂದ ಬಂದ ಹುಡುಗನಿಗೆ ಈ ಬಾಗಿಲು ತೆರೆದಿದೆ, ಬೆಂಗಳೂರಿನ ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದವನಿಗೆ ಮುಚ್ಚಿದೆ. ‘ಮುಂದೆ ಅಮೆರಿಕಕ್ಕೆ ಹೋಗಬೇಕಲ್ಲ’ ಎಂದು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿದವರಿಗೆ ಈ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಕಳಿಸಬೇಕು ಅನ್ನಿಸುತ್ತದೆ.

ಯಜಮಾನರದು ಹೊಸ ಕಾಯಿಲೆಯಲ್ಲ. ಹತ್ತನೆಯದು ಹತ್ತಿರ ಬಂತೆಂದರೆ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಬಿಟ್ಟುಕೊಡುವ ಊರಿನಿಂದ ಬಂದವರು ನಾವು. ಪಿಸಿಎಂಬಿ ಎಂಬ ನಾಲ್ಕಕ್ಷರದಲ್ಲಿ ಹದಿನಾರರ ಮಗುವಿನ ಜಾತಕ ಬರೆದವರು. ಅಲ್ಲಿ ಆಯ್ಕೆಯೇ ಇರಲಿಲ್ಲ, ಕಾಂಬಿನೇಷನ್ ಇತ್ತು. ಇಲ್ಲಿ ರಾಜ್ಯ ಸರ್ಕಾರವೇ ಮೂರೂವರೆ ಮನೆ ಖಾಲಿ ಬಿಟ್ಟು ಕೊಟ್ಟರೆ ನಮಗೆ ಅದು ಅವಕಾಶದ ಹಾಗೆ ಕಾಣುವುದಿಲ್ಲ, ಸೋರಿಕೆಯ ಹಾಗೆ ಕಾಣುತ್ತದೆ. ಕೂಡಲೇ ಸಿಮೆಂಟು ಕಲಸುತ್ತೇವೆ.

ಸರಿ, ಶುಕ್ರವಾರದ ಫಾರ್ಮು. ಒಂಬತ್ತಕ್ಕೆ ಆರು: ಇಂಗ್ಲಿಷ್ 9, ಶಾಲೆ ಹೇಳಿದ ಹಂತದ ಗಣಿತ, ಬಯಾಲಜಿ, ವ್ಯಾಯಾಮ, ಸ್ಪ್ಯಾನಿಷ್ 1, ಸೆರಾಮಿಕ್ಸ್. ಜಗತ್ತಿನ ಇತಿಹಾಸ ಬಹಳ ಶಾಲೆಗಳಲ್ಲಿ ಹತ್ತಕ್ಕೆ. ನಿಮ್ಮದರಲ್ಲಿ ಒಂಬತ್ತಕ್ಕೇ ಇದ್ದರೆ ಸೆರಾಮಿಕ್ಸ್ ಒಂದು ವರ್ಷ ಕಾಯಲಿ, ಕಾಣೆಯಾಗದಿರಲಿ. ಫಾರ್ಮಿನ ಕೆಳಗೆ ಪರ್ಯಾಯ ಆಯ್ಕೆಗಳ ಕಾಲಂ ಇರುತ್ತದೆ, ಎಲ್ಲರೂ ಖಾಲಿ ಬಿಡುವುದು ಅದನ್ನೇ. ಈ ಫಾರ್ಮುಗಳನ್ನು ಎಣಿಸಿಯೇ ಶಾಲೆ ಯಾವ ಕೋರ್ಸ್‌ಗೆ ಎಷ್ಟು ಸೆಕ್ಷನ್ ಎಂದು ತೀರ್ಮಾನಿಸುತ್ತದೆ. ಕೇಳಿದವರು ಕಡಿಮೆಯಾದರೆ ಕೋರ್ಸೇ ನಿಲ್ಲುತ್ತದೆ. ಒಂದೇ ಸೆಕ್ಷನ್ ಇರುವ ಎರಡು ಕೋರ್ಸ್ ಒಂದೇ ಪೀರಿಯಡ್‌ಗೆ ಬಿದ್ದರೆ ಒಂದು ಹೋಗುತ್ತದೆ, ಆ ಜಾಗಕ್ಕೆ ಕಂಪ್ಯೂಟರು ಸಿಕ್ಕಿದ್ದನ್ನು ತುರುಕುತ್ತದೆ. ಹಾಗಾಗಿ ಪರ್ಯಾಯದಲ್ಲಿ ಮೊದಲು ಡ್ರಾಯಿಂಗ್, ಆಮೇಲೆ ಇನ್ನೊಂದು ಕಲೆ, ಎರಡೂ ‘ಎಫ್’ ಗುರುತಿನವು. ಬರೆಯುವುದು ಮಗಳ ಕೈಬರಹದಲ್ಲಿರಲಿ. ಪೋಷಕರ ಸಹಿಯ ಜಾಗದಲ್ಲಿ ಯಜಮಾನರೇ ಸಹಿ ಹಾಕಲಿ.